ಫಲಶರ್ಕರೆ: ಹೆಸರಿನ ಮೋಹ

ಫ್ರಕ್ಟೋಸಿಗೆ ಕನ್ನಡದಲ್ಲಿ ಫಲಶರ್ಕರೆ ಎಂಬ ಸೊಗಸಾದ ಹೆಸರುಂಟು. ಹಣ್ಣಿನದೆಂದ ಮೇಲೆ ನಿರಪಾಯವೆಂಬ ನಂಬಿಕೆಯೂ ಹೆಸರಿನ ಬೆನ್ನಿಗೇ ಬರುತ್ತದೆ. ರಕ್ತದ ಗ್ಲೂಕೋಸನ್ನು ಇದು ಅಷ್ಟಾಗಿ ಏರಿಸದೆಂಬ ಕಾರಣದಿಂದ ಒಂದು ಕಾಲಕ್ಕೆ ಮಧುಮೇಹಿಗಳಿಗೂ ಇದನ್ನು ಸೂಚಿಸುತ್ತಿದ್ದುದುಂಟು. ಆ ನಂಬಿಕೆಯನ್ನು ಇನ್ನು ಕೈಬಿಡಬೇಕೆಂಬುದು ನಮ್ಮ ಅಭಿಪ್ರಾಯ.

ಗ್ಲೂಕೋಸನ್ನು ದೇಹದ ಎಲ್ಲ ಅಂಗಗಳೂ ಬಳಸಿಕೊಳ್ಳುತ್ತವೆ. ಅದರ ವಿಭಜನೆಗೆ ಕಡಿವಾಣವಾಗಿ ಒಂದು ಕಿಣ್ವವಿದೆ; ಜೀವಕೋಶಕ್ಕೆ ಶಕ್ತಿ ಸಾಕಾದೊಡನೆ ಅದು ಮಂದವಾಗುತ್ತದೆ. ಫಲಶರ್ಕರೆಯಾದರೋ ಬಹುಪಾಲು ಸಣ್ಣಕರುಳು, ಯಕೃತ್ತುಗಳ ಪಾಲಿಗೇ ಬರುವುದು. ಅಲ್ಲಿ ಅದು ಈ ಸುಂಕದ ಕಟ್ಟೆಯನ್ನು ತಪ್ಪಿಸಿ ಬಳಸುದಾರಿಯಲ್ಲಿ ನುಸುಳುತ್ತದೆ. ಒಮ್ಮೆಗೇ ಹೆಚ್ಚಾಗಿ ಬಂದಾಗ ಯಕೃತ್ತು ಅದರಲ್ಲಿ ಒಂದಂಶವನ್ನು ಕೊಬ್ಬಾಗಿ ಮಾರ್ಪಡಿಸುತ್ತದೆ; ಇದೇ ಅವಸರದಲ್ಲಿ ಎಟಿಪಿ ವ್ಯಯವಾಗಿ ಯೂರಿಕ್ ಆಮ್ಲವೂ ಹುಟ್ಟುತ್ತದೆ.

ಇದು ಕೇವಲ ತರ್ಕವಲ್ಲ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯ ಕಿಂಬರ್ ಸ್ಟ್ಯಾನ್‌ಹೋಪ್, ಪೀಟರ್ ಹ್ಯಾವೆಲ್ ಮತ್ತು ಸಂಗಡಿಗರು 2009ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಸ್ಥೂಲಕಾಯದ ವಯಸ್ಕರು 10 ವಾರ ಕಾಲ ತಮ್ಮ ಆಹಾರಶಕ್ತಿಯ 25 ಶೇಕಡವನ್ನು ಸಿಹಿಪಾನೀಯದಿಂದಲೇ ಪಡೆದರು. ಕೆಲವರಿಗೆ ಗ್ಲೂಕೋಸಿನದು, ಕೆಲವರಿಗೆ ಫ್ರಕ್ಟೋಸಿನದು. ತೂಕ ಎರಡು ಗುಂಪಿನಲ್ಲಿಯೂ ಹೆಚ್ಚುಕಡಿಮೆ ಸಮನಾಗಿಯೇ ಏರಿತು. ಆದರೆ ಹೊಟ್ಟೆಯೊಳಗಣ ಅಂಗಗಳ ಸುತ್ತ ಕೊಬ್ಬು ಬೆಳೆದದ್ದೂ, ಇನ್ಸುಲಿನ್ನಿಗೆ ದೇಹ ಓಗೊಡುವ ಶಕ್ತಿ ಕುಗ್ಗಿದ್ದೂ ಫ್ರಕ್ಟೋಸ್ ಕುಡಿದವರಲ್ಲಿ. ಅಷ್ಟು ಸಕ್ಕರೆಯನ್ನು ಸಾಮಾನ್ಯರು ಸೇವಿಸುವುದಿಲ್ಲವೆಂಬ ಆಕ್ಷೇಪಣೆ ನ್ಯಾಯವಾದುದೇ. ಮಿತವಾದ ಫ್ರಕ್ಟೋಸಿಗೆ ಈ ದೋಷವನ್ನೆಲ್ಲ ಹೊರಿಸಲಾಗದು.

ಹಾಗಾದರೆ ಹಣ್ಣು ವರ್ಜ್ಯವೆ? ಖಂಡಿತ ಅಲ್ಲ. 100 ಗ್ರಾಂ ಸೇಬಿನಲ್ಲಿ ಸುಮಾರು 6 ಗ್ರಾಂ ಫ್ರಕ್ಟೋಸಿದ್ದರೂ, ನಾರಿನೊಡನೆ ಅಗಿದು ತಿನ್ನುವಾಗ ಅದು ನಿಧಾನವಾಗಿ ಕರುಳನ್ನು ಸೇರುತ್ತದೆ. ಅಲ್ಪ ಪ್ರಮಾಣದ ಫ್ರಕ್ಟೋಸನ್ನು ಸಣ್ಣಕರುಳೇ ಗ್ಲೂಕೋಸಾಗಿ ಪರಿವರ್ತಿಸಿಬಿಡುತ್ತದೆಂದೂ, ಮಿತಿಮೀರಿದ್ದು ಮಾತ್ರ ಯಕೃತ್ತಿಗೆ ಹರಿಯುತ್ತದೆಂದೂ 2018ರಲ್ಲಿ ಪ್ರಿನ್ಸ್‌ಟನ್ನಿನ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು.

ಅಮೆರಿಕದ ಜೋಳದ ಪಾಕವನ್ನು ಹಳಿದು ನಾವು ನೆಮ್ಮದಿಯಿಂದಿರುವಂತಿಲ್ಲ. ಕಬ್ಬಿನ ಸಕ್ಕರೆಯಲ್ಲಿಯೂ ಅರ್ಧ ಫ್ರಕ್ಟೋಸೇ. ನಮ್ಮ ಮಂಡ್ಯದ ಬೆಲ್ಲಕ್ಕೂ, ಹೇಳಲು ಸಂಕಟವಾದರೂ, ವಿನಾಯಿತಿಯಿಲ್ಲ. 300 ಮಿಲಿಲೀಟರಿನ ಸಿಹಿಪಾನೀಯದಲ್ಲಿ ಸಾಮಾನ್ಯವಾಗಿ 30 ಗ್ರಾಮಿನಷ್ಟು ಸಕ್ಕರೆಯಿರುತ್ತದೆ. ಇಂಥ ಸಕ್ಕರೆ ಆಹಾರಶಕ್ತಿಯ 10 ಶೇಕಡವನ್ನು ಮೀರಬಾರದು, 5ಕ್ಕಿಂತ ಕಡಮೆಯಾದರೆ ಇನ್ನೂ ಲೇಸೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. 2000 ಕ್ಯಾಲೊರಿ ಉಣ್ಣುವವನಿಗೆ ಆ 5 ಶೇಕಡವೆಂದರೆ 25 ಗ್ರಾಂ; ಒಂದೇ ಸೀಸೆಯಲ್ಲಿ ಅದು ಮೀರಿಹೋಯಿತು. ಕಾಲೇಜಿನ ಉಪಾಹಾರಗೃಹಗಳು ಈ ಸೀಸೆಗಳ ಜಾಗದಲ್ಲಿ ಮಜ್ಜಿಗೆಯನ್ನೂ ಹೆಚ್ಚಿದ ಹಣ್ಣನ್ನೂ ಇಡಲಿ ಎಂದು ವಿದ್ಯಾರ್ಥಿಗಳೇ ಕೇಳಬೇಕು. ಹಣ್ಣಿನ ರಸವನ್ನು ಕೇಳುವುದು ಬೇಡ. ಸಂಸ್ಥೆಯ ಆ ಲೆಕ್ಕದಲ್ಲಿ ಜೇನಿನ ಜೊತೆಗೆ ರಸವೂ ಸೇರಿದೆ. ಇಡೀ ಹಣ್ಣು ಸೇರಿಲ್ಲ.