ಬುತ್ತಿ ಕಟ್ಟಿಕೊಂಡು ಬಂದವರೂ ಪ್ರವಾಸಿಗರೇ

ಗೋವಾಕ್ಕೆ ಈಗ ‘ಗುಣಮಟ್ಟದ ಪ್ರವಾಸಿಗ’ ಬೇಕಂತೆ. ಹುಬ್ಬಳ್ಳಿ–ಧಾರವಾಡದಿಂದ ಕ್ರೂಸರ್ ಮಾಡಿಕೊಂಡು, ಸಿಲಿಂಡರ್, ಅಕ್ಕಿ, ರೊಟ್ಟಿಗಂಟು ಹೇರಿಕೊಂಡು ಅನಮೋಡ ಘಟ್ಟ ಇಳಿಯುವ ನಮ್ಮ ಮಂದಿ ಆ ಲೆಕ್ಕದಲ್ಲಿಲ್ಲ. ಬಯಲಲ್ಲಿ ಅಡುಗೆ ಮಾಡಿದರೆ 5,000ದಿಂದ 50,000 ರೂಪಾಯಿವರೆಗೆ ದಂಡ ಎಂದು 2022ರಲ್ಲೇ ಆದೇಶವಾಯಿತು. 2024ರ ಕೊನೆಗೆ ಕಲಂಗುಟ್ ಪಂಚಾಯಿತಿ, ಊರೊಳಗೆ ಬರುವ ಪ್ರವಾಸಿಗರಿಗೆ ತೆರಿಗೆ ಹಾಕುವ ಮಾತೆತ್ತಿತು. ಹೋಟೆಲ್ ಬುಕ್ ಮಾಡಿದವರಿಗೆ ವಿನಾಯಿತಿ. ಮರುವರ್ಷ ಶಾಸಕ ಮೈಕಲ್ ಲೋಬೊ, ವಿದೇಶಿಯರು ಕಡಿಮೆಯಾದದ್ದಕ್ಕೆ ಕಡಲದಂಡೆಯ ಇಡ್ಲಿ–ಸಾಂಬಾರನ್ನೂ ದೂರಿದರು.

ಇವರೆಲ್ಲ 2021ನ್ನು ಮರೆತಿದ್ದಾರೆ. ಕೋವಿಡ್‌ನಿಂದ ಚಾರ್ಟರ್ ವಿಮಾನಗಳು ಬಹುಪಾಲು ನಿಂತಿದ್ದ ಆ ವರ್ಷ ಗೋವಾಕ್ಕೆ ಬಂದ ವಿದೇಶಿಯರು ಸುಮಾರು 22 ಸಾವಿರ. ದೇಶದೊಳಗಿನಿಂದ ಹೋದವರು 33 ಲಕ್ಷ. ಬೀಗ ಬಿದ್ದ ಲಾಡ್ಜು, ಮೂಲೆ ಸೇರಿದ್ದ ಬಾಡಿಗೆ ಸ್ಕೂಟರು, ಗೋಡಂಬಿ ಅಂಗಡಿ ಮತ್ತೆ ಚೇತರಿಸಿಕೊಂಡದ್ದು ಯಾರ ದುಡ್ಡಿನಿಂದ? ಆ 33 ಲಕ್ಷದಲ್ಲಿ ನಮ್ಮ ಕ್ರೂಸರ್ ಮಂದಿಯೂ ಇದ್ದರು. ಆಗ ಅವರ ಗುಣಮಟ್ಟ ಯಾರೂ ಅಳೆಯಲಿಲ್ಲ.

ಕಸ ಚೆಲ್ಲಿದವನಿಗೆ ದಂಡ ಹಾಕಿ, ದುಪ್ಪಟ್ಟು ಹಾಕಿ. ಒಲೆ ಹಚ್ಚಿದ್ದೇ ಅಪರಾಧ ಹೇಗಾಗುತ್ತದೆ? ನಮ್ಮಲ್ಲಿ ಮನೆಮಂದಿಯೆಲ್ಲ ಊರು ಬಿಟ್ಟು ಹೊರಡುವುದೇ ಹಾಗೆ. ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಹುಣ್ಣಿಮೆಗೆ ಕಲ್ಲು ಹೂಡಿ, ಹೋಳಿಗೆ, ಕಡಬು ಮಾಡಿ, ದೇವಿಗೆ ನೈವೇದ್ಯದ ಪಡ್ಡಲಗಿ ತುಂಬುತ್ತಾರೆ. ಗೋವಾದ ಭಕ್ತರೂ ಅಲ್ಲಿಗೆ ಬರುತ್ತಾರೆ; ಹೋಟೆಲ್ ರಸೀದಿ ತೋರಿಸು ಎಂದು ಅವರನ್ನು ಯಾರೂ ತಡೆಯುವುದಿಲ್ಲ. ಅಮರಗೋಳ ಎಪಿಎಂಸಿಯ ಹಮಾಲ, ಗೋಕುಲ ರಸ್ತೆಯ ಕಾರ್ಖಾನೆ ಕೆಲಸಗಾರ ಅವ್ವ, ಹೆಂಡತಿ, ಮಕ್ಕಳನ್ನು ಕರೆದುಕೊಂಡು ಹೋಗಿ ಕಲಂಗುಟ್‌ನಲ್ಲಿ ಎರಡು ಹೊತ್ತು ಹೋಟೆಲ್ ಊಟ ಮಾಡಿಸಿದರೆ ವಾರದ ಗಳಿಕೆ ಕರಗುತ್ತದೆ. ಅವನು ಸಮುದ್ರ ನೋಡಬಾರದೇ?

ಜಗಳ ಬರೀ ಒಲೆಯದಲ್ಲ. 2004ರಲ್ಲಿ ವಾಸ್ಕೋದ ಬೈನಾದಲ್ಲಿ ಮನೆಗಳನ್ನು ನೆಲಸಮ ಮಾಡಿದಾಗ ಮಳೆಗಾಲದಲ್ಲಿ ಬೀದಿಗೆ ಬಿದ್ದ ಕನ್ನಡಿಗರನ್ನು ನಾವು ಮರೆತಿಲ್ಲ. ಗೋವಾದ ಕಟ್ಟಡಗಳಿಗೆ ಕಲ್ಲು–ಮಣ್ಣು ಹೊರಲು ವಿಜಯಪುರ, ಬಾಗಲಕೋಟೆ, ಗದಗದವರು ಬೇಕು. ದಿನಾ ಬೆಳಗಾವಿಯ ಕಾಯಿಪಲ್ಯೆ ಬೇಕು. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿದರೂ ನಮ್ಮ ಅವಳಿನಗರದ ಕುಡಿಯುವ ನೀರಿಗೆ ಗೋವಾದ ಅಡ್ಡಗಾಲು ತಪ್ಪಿಲ್ಲ. ಕೂಲಿ ಬೇಕು, ಕಾಯಿಪಲ್ಯೆ ಬೇಕು, ಆದರೆ ನಾವು ದಂಡೆಯ ಮೇಲೆ ಕೂತು ಉಣ್ಣುವುದು ಮಾತ್ರ ಬೇಡ.

ಘಟ್ಟದ ಕೆಳಗಿನ ಮೊಲ್ಲೆಮ್‌ನಲ್ಲೂ ಕಲಂಗುಟ್‌ನಲ್ಲೂ ನಲ್ಲಿ, ಶೌಚಾಲಯ, ಕಸದ ಡಬ್ಬಿ ಇರುವ ಅಡುಗೆ ಕಟ್ಟೆ ಕಟ್ಟಿಸಿ, ಗಾಡಿಗೆ ಇಷ್ಟೆಂದು ಶುಲ್ಕ ಇಡಿ. ನಮ್ಮವರು ಕೊಡುತ್ತಾರೆ. ಅದನ್ನು ಬಿಟ್ಟು ಪ್ರವೇಶ ತೆರಿಗೆಯೇ ಬೇಕೆಂದರೆ, ಅದು ಜಾರಿಯಾಗುವ ಮೊದಲೇ ಅವಳಿನಗರದ ಶಾಸಕರು ಬೆಂಗಳೂರಿನಲ್ಲಿ ದನಿ ಎತ್ತಲಿ.