ಸುಸ್ತಿಗೆಲ್ಲ ಮಾತ್ರೆಯನ್ನೇ ದೂರಬೇಡಿ

“ಆ ಮಾತ್ರೆ ನುಂಗಿದರೆ ಮೈಯ ಮಾಂಸವೆಲ್ಲ ಕರಗಿ ಹೋಗುತ್ತದಂತೆ, ನಿಜವಾ?”

ಗರ್ಭನಿರೋಧಕ ಮಾತ್ರೆಯ ಕುರಿತು ಈ ಪ್ರಶ್ನೆಯನ್ನು ನೀವೂ ಕೇಳಿರಬಹುದು. ನನಗೆ ಪರಿಚಯದ ಮನೆಯೊಂದರಲ್ಲಿ ಇದು ಪ್ರಶ್ನೆಯಾಗಿ ಉಳಿಯಲಿಲ್ಲ, ತೀರ್ಪೇ ಆಗಿಬಿಟ್ಟಿತು. ಎರಡನೇ ಮಗುವಿಗೆ ವರ್ಷ ತುಂಬಿದ ಬಳಿಕ ಸೊಸೆ ವೈದ್ಯರನ್ನು ಕಂಡು ಮಾತ್ರೆ ಆರಂಭಿಸಿದ್ದಳು. ಮೆಟ್ಟಿಲು ಹತ್ತಿದರೆ ಏದುಸಿರು, ಬಟ್ಟೆ ಒಗೆದರೆ ಕೈಕಾಲು ಸೋಲುವುದು. ನೋಡಲು ಬಂದ ನೆಂಟರೊಬ್ಬರು “ಎಲ್ಲ ಆ ಮಾತ್ರೆಯ ಕೆಲಸ” ಎಂದರು. ಮಾತ್ರೆ ನಿಂತಿತು. ಸುಸ್ತು ನಿಲ್ಲಲಿಲ್ಲ. ನಾಲ್ಕೇ ತಿಂಗಳಲ್ಲಿ ಆಕೆ ಮತ್ತೆ ಗರ್ಭಿಣಿಯಾಗಿದ್ದಳು. ಆಗ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8 ಗ್ರಾಂ! ಆ ಪರೀಕ್ಷೆಯನ್ನು ಮೊದಲೇ ಏಕೆ ಮಾಡಿಸಲಿಲ್ಲ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಸಂಶಯಕ್ಕೆ ಬುಡವೇ ಇಲ್ಲವೆಂದು ನಾನು ಹೇಳುವುದಿಲ್ಲ. ಸಾಮಾನ್ಯವಾಗಿ ಬಳಕೆಯಲ್ಲಿರುವ ಮಾತ್ರೆಗಳಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನುಗಳಿವೆ. ಇವು ಅಂಡಾಶಯದ ಸ್ವಂತ ಕೆಲಸವನ್ನು ತಾತ್ಕಾಲಿಕವಾಗಿ ತಗ್ಗಿಸುತ್ತವೆ. ಗಂಡಸರ ಹಾರ್ಮೋನು ಎಂದು ನಾವು ಕರೆಯುವ ಟೆಸ್ಟೋಸ್ಟೆರಾನ್ ಹೆಣ್ಣಿನ ದೇಹದಲ್ಲೂ ಅಲ್ಪ ಪ್ರಮಾಣದಲ್ಲಿ ಇರುತ್ತದೆ, ಸ್ನಾಯು ಬೆಳೆಯಲು ಅದೂ ನೆರವಾಗುತ್ತದೆ. ಮಾತ್ರೆ ನುಂಗುವವರಲ್ಲಿ ಅದರ ಉತ್ಪಾದನೆ ಕಡಿಮೆಯಾಗುತ್ತದೆ. ಅಷ್ಟೇ ಅಲ್ಲ, ಅದನ್ನು ರಕ್ತದಲ್ಲಿ ಹಿಡಿದಿಟ್ಟುಕೊಳ್ಳುವ ಪ್ರೋಟೀನನ್ನು ಯಕೃತ್ತು ಹೆಚ್ಚಾಗಿ ತಯಾರಿಸುತ್ತದೆ. ಹೀಗಾಗಿ ದೇಹದ ಬಳಕೆಗೆ ಸಿಗುವ ಪಾಲು ಇನ್ನಷ್ಟು ಇಳಿಯುತ್ತದೆ. ಹಾಗಾದರೆ ಸ್ನಾಯುವೂ ಸೊರಗಬೇಕಲ್ಲವೇ ಎಂದು ಯಾರಿಗಾದರೂ ಅನಿಸುವುದು ಸಹಜ.

ವಿಜ್ಞಾನಿಗಳಿಗೂ ಹಾಗೆಯೇ ಅನಿಸಿತ್ತು. 2009ರಲ್ಲಿ ಅಮೆರಿಕದ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ಸಂಶೋಧಕರು 18ರಿಂದ 31 ವಯಸ್ಸಿನ 73 ಮಂದಿ ಆರೋಗ್ಯವಂತ ಯುವತಿಯರಿಗೆ 10 ವಾರ ಭಾರ ಎತ್ತುವ ವ್ಯಾಯಾಮ ಮಾಡಿಸಿದ ಅಧ್ಯಯನವನ್ನು ಮಂಡಿಸಿದರು. ಮಾತ್ರೆ ನುಂಗುತ್ತಿದ್ದವರಲ್ಲಿ ಸ್ನಾಯು ಬೆಳೆದದ್ದು ಕಡಿಮೆ. ಇಲ್ಲಿ ಒಂದು ಮಾತನ್ನು ಗಮನಿಸಿ. ಅವರ ಸ್ನಾಯುವೂ ಬೆಳೆಯಿತು, ಆದರೆ ಉಳಿದವರಷ್ಟು ಬೆಳೆಯಲಿಲ್ಲ. ಯಾರ ಮಾಂಸವೂ ಕರಗಲಿಲ್ಲ. ಮುಂದೆ 2019ರಲ್ಲಿ ಡೆನ್ಮಾರ್ಕ್‌ನ ಸಂಶೋಧಕರು ಇಂತಹದೇ 10 ವಾರಗಳ ತರಬೇತಿ ಕೊಟ್ಟು ನೋಡಿದಾಗ ಫಲಿತಾಂಶ ತಿರುಗಿ ಬಿತ್ತು. ಮಾತ್ರೆ ನುಂಗುವವರಲ್ಲೇ ಸ್ನಾಯು ತುಸು ಹೆಚ್ಚು ಬೆಳೆಯುವ ಸೂಚನೆ ಕಂಡಿತು, ಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. 2020ರಲ್ಲಿ 42 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದವರು, ಮಾತ್ರೆಯಿಂದ ದೈಹಿಕ ಸಾಮರ್ಥ್ಯ ಒಂದಿಷ್ಟು ಕುಗ್ಗಬಹುದಾದರೂ ಅದು ಲೆಕ್ಕಕ್ಕಿಲ್ಲದಷ್ಟು ಅಲ್ಪ ಎಂದರು. ಓಟದ ಸ್ಪರ್ಧೆಯಲ್ಲಿ ಕ್ಷಣದ ಅಂತರಕ್ಕೆ ಪದಕ ಕಳೆದುಕೊಳ್ಳುವವರಿಗೆ ಅದು ಚಿಂತೆಯ ವಿಷಯವಾಗಬಹುದು. ನೀರಿನ ಕೊಡ, ಅಕ್ಕಿ ಚೀಲ, ಕಂಕುಳಲ್ಲಿ ಮಗು, ಇಷ್ಟನ್ನು ದಿನವಿಡೀ ಎತ್ತುವ ನಮ್ಮ ಹೆಣ್ಣುಮಕ್ಕಳಿಗೆ ಅಲ್ಲ.

ಹಾಗಾದರೆ ಶಕ್ತಿ ಎಲ್ಲಿ ಸೋರುತ್ತಿದೆ? ತಟ್ಟೆಯನ್ನು ನೋಡಿ. ಗಂಡಸರಿಗೆ, ಮಕ್ಕಳಿಗೆ, ಬಂದ ಅತಿಥಿಗಳಿಗೆ ಬಡಿಸಿದ ಮೇಲೆ ಮೀನಿನ ತಲೆ, ಸಾರಿನ ತಳ ಉಳಿದರೆ ಅದು ಆಕೆಯ ಪಾಲು. ಸ್ನಾಯುವಿಗೆ ಬೇಕಾದ ಮೊಟ್ಟೆ, ಮೀನು, ಬೇಳೆ, ಹೆಸರುಕಾಳು ಯಾವುದೂ ಸಾಲುವಷ್ಟು ಅವಳ ತಟ್ಟೆಗೆ ಬರುವುದಿಲ್ಲ. ಊಟದ ಬೆನ್ನಿಗೇ ಗಟ್ಟಿ ಚಹಾ. ಅದು ಅನ್ನದಲ್ಲಿರುವ ಅಷ್ಟಿಷ್ಟು ಕಬ್ಬಿಣಾಂಶವೂ ಮೈಗೆ ಹತ್ತದಂತೆ ತಡೆಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಅಂದರೆ ಸುಸ್ತಿಗೆ ಕಾರಣ ಹುಡುಕುವಾಗ ಮೊದಲು ಬಾಗಿಲು ತಟ್ಟಬೇಕಾದ ಮನೆ ಇದು.

ತಮಾಷೆಯೆಂದರೆ, ನಾವು ದೂರುವ ಮಾತ್ರೆ ಈ ವಿಷಯದಲ್ಲಿ ಹೆಣ್ಣಿನ ಪರವಾಗಿಯೇ ಇದೆ. ಅದರಿಂದ ಮುಟ್ಟಿನ ರಕ್ತಸ್ರಾವ ಕಡಿಮೆಯಾಗುತ್ತದೆ. ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಪಟ್ಟಿಯಲ್ಲಿ 21 ಹಾರ್ಮೋನು ಮಾತ್ರೆಗಳ ಜೊತೆಗೆ ಬೇರೆ ಬಣ್ಣದ 7 ಮಾತ್ರೆಗಳಿವೆಯಲ್ಲ, ಅವು ಕಬ್ಬಿಣಾಂಶದ ಮಾತ್ರೆಗಳು. “ಅವು ಲೆಕ್ಕಕ್ಕೆ ಮಾತ್ರ” ಎಂದು ಬಿಸಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಚುಚ್ಚುಮದ್ದಿನ ವಿಷಯ ಸ್ವಲ್ಪ ಬೇರೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಎಲುಬಿನದು. ಅದನ್ನು ತೆಗೆದುಕೊಳ್ಳುವಷ್ಟು ಕಾಲ ಎಲುಬಿನ ಸಾಂದ್ರತೆ ತಗ್ಗುತ್ತದೆ, ನಿಲ್ಲಿಸಿದ ಬಳಿಕ ಬಹುಮಟ್ಟಿಗೆ ಮರಳುತ್ತದೆ. ಎಲುಬು ಇನ್ನೂ ಗಟ್ಟಿಯಾಗುತ್ತಿರುವ ಹದಿಹರೆಯದವರಿಗೆ, ವರ್ಷಗಟ್ಟಲೆ ಮುಂದುವರಿಸುವವರಿಗೆ ವೈದ್ಯರ ಸಲಹೆ ಅಗತ್ಯ.

ಇನ್ನು ನಾನು ನಿಜವಾಗಿ ಹೆದರುವ ವಿಷಯಕ್ಕೆ ಬರುತ್ತೇನೆ. ಮಾತ್ರೆ ನುಂಗುವವರಿಗೆ ಒಂದೇ ಕಾಲಿನ ಮೀನಖಂಡದಲ್ಲಿ ನೋವು, ಬಾವು, ಬಿಸಿ ಕಂಡರೆ ಅದನ್ನು ಸ್ನಾಯು ಸೆಳೆತವೆಂದು ತಿಳಿದು ಎಣ್ಣೆ ಹಚ್ಚಿ ತಿಕ್ಕಬೇಡಿ. ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವಾಗಿರಬಹುದು. ಅಲ್ಲಿಂದ ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಇದು ಅಪರೂಪ. ಮಾತ್ರೆ ನುಂಗದ 10,000 ಮಹಿಳೆಯರಲ್ಲಿ ವರ್ಷಕ್ಕೆ 1ರಿಂದ 5 ಮಂದಿಗೆ ಹೀಗಾದರೆ, ನುಂಗುವವರಲ್ಲಿ 3ರಿಂದ 9 ಮಂದಿಗೆ ಆಗುತ್ತದೆ. ಗರ್ಭಿಣಿಯರಲ್ಲಿ ಇದು 5ರಿಂದ 20. ಹೆದರಿ ಮಾತ್ರೆ ಎಸೆಯುವ ಮೊದಲು ಈ ಕೊನೆಯ ಅಂಕಿಯನ್ನೂ ಓದಿಕೊಳ್ಳಿ. ರಕ್ತದೊತ್ತಡ ಇರುವವರು, ಕಣ್ಣು ಮಂಜಾಗಿ ಅರೆತಲೆನೋವು ಬರುವವರು, ಕುಟುಂಬದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸವಿರುವವರು ಮೆಡಿಕಲ್‌ನಿಂದ ತಾವಾಗಿಯೇ ಮಾತ್ರೆ ತರಿಸಿಕೊಳ್ಳಲೇಬಾರದು. ಗಂಡಂದಿರೇ, ಪಟ್ಟಿ ತಂದುಕೊಟ್ಟರೆ ಕೆಲಸ ಮುಗಿಯಲಿಲ್ಲ, ಒಮ್ಮೆ ಬಿ.ಪಿ. ನೋಡಿಸಿ.

ಕಾಲು ನೋವೆಂದು ಹೋದಾಗ ವೈದ್ಯರು “ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ?” ಎಂದು ಕೇಳುತ್ತಾರೆ. ಪಕ್ಕದಲ್ಲಿ ಅತ್ತೆ ಇದ್ದರೆ ಸೊಸೆ “ಇಲ್ಲ” ಎನ್ನುತ್ತಾಳೆ. ಪಿಸಿಒಡಿಗೆಂದು ಇದೇ ಮಾತ್ರೆ ನುಂಗುವ ಮದುವೆಯಾಗದ ಹುಡುಗಿಯೂ ಜೊತೆಗೆ ಬಂದ ಚಿಕ್ಕಮ್ಮನ ಮುಖ ನೋಡಿ “ಇಲ್ಲ” ಎನ್ನುತ್ತಾಳೆ. ಅತ್ತೆಯಂದಿರೇ, ಚಿಕ್ಕಮ್ಮಂದಿರೇ, ವೈದ್ಯರ ಕೋಣೆಯಲ್ಲಿ ಎರಡು ನಿಮಿಷ ಅವಳನ್ನು ಒಬ್ಬಳನ್ನೇ ಬಿಟ್ಟು ಹೊರಗೆ ಬೆಂಚಿನ ಮೇಲೆ ಕುಳಿತಿರಿ.