ಗುಡುಗಿಗೊಂದು ಪೆಟ್ಟಿಗೆ

1974ರಲ್ಲಿ ‘ಅರ್ಥ್‌ಕ್ವೇಕ್’ ಚಿತ್ರಕ್ಕೆ ಅಮೆರಿಕದ ಥಿಯೇಟರುಗಳ ಕುರ್ಚಿ ನಡುಗಿಸಿದ್ದು ಸೆನ್ಸರೌಂಡ್‌ನ ದೈತ್ಯ ಸ್ಪೀಕರುಗಳು. ಅಂಥ ಗುಡುಗು ನನ್ನ ರೂಮಿಗೂ ಬೇಕೂಂತ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ ಗುರೂ! ಎರಡು ತಿಂಗಳ ಸಂಭಾವನೆ ಸುರಿದು, ಬರೀ ವಾಟ್ಸ್ ನೋಡಿ, 12 ಇಂಚಿನ ಡ್ರೈವರ್ ತಂದೆ. ಮಂಚದಡಿ ಹಿಡಿಸಲಿ ಅಂತ 25 ಲೀಟರಿನ ಮುಚ್ಚಿದ ಪೆಟ್ಟಿಗೆ ಹೊಡೆದೆ. ಹೀರೋ ಕೊಟ್ಟ ಏಟೆಲ್ಲ ಖಾಲಿ ಡಬ್ಬ ಬಡಿದ ಹಾಗೆ!

ತಪ್ಪು ನನ್ನದೇ ಕಣ್ರೀ. ಡ್ರೈವರಿನ ಜತೆಯ ಚೀಟಿಯಲ್ಲಿ ‘ಕ್ಯೂಟಿಎಸ್’ ಅಂತೊಂದು ಅಂಕಿ ಇರುತ್ತೆ. 0.4ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಕೊಳವೆ ಕೂರಿಸಿದ ಪೆಟ್ಟಿಗೆ, ಹೆಚ್ಚಿದ್ದರೆ ಮುಚ್ಚಿದ್ದು. ನನ್ನದು 0.5. ಮುಚ್ಚಿದ್ದೇ ಸರಿ, ಆದರೆ ಪುಟ್ಟದಾದರೆ ಒಳಗಿನ ಗಾಳಿ ಸ್ಪ್ರಿಂಗಿನಂತೆ ಬಿಗಿಯುತ್ತೆ, ಆಳದ ದನಿ ಏಳೋದೇ ಇಲ್ಲ. ಒಡೆದು 100 ಲೀಟರಿನದು ಮಾಡಿದೆ. ಗುಡುಗು ಬಂತು, ಮಂಚ ಹೊರಗೆ ಹೋಯ್ತು. ಈಗ ಚಾಪೆಯೇ ಗತಿ!